ಮನೆಯ ಶುಶ್ರೂಷೆಗೆ ಕಾಗದದ ಸಾಕ್ಷಿ



ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದ ರೋಗಿ ಮನೆಯ ಹಾಸಿಗೆಯಲ್ಲಿ ಹತ್ತು ತಿಂಗಳು ಇರಬೇಕಾಗಬಹುದು. ಪಾರ್ಶ್ವವಾಯು, ಸೊಂಟದ ಮೂಳೆಯ ಮುರಿತ, ಪಾರ್ಕಿನ್ಸನ್ ಕಾಯಿಲೆ, ಮುಂದುವರಿದ ಕ್ಯಾನ್ಸರ್ ಮೊದಲಾದ ವ್ಯಾಧಿಗಳು ಆಸ್ಪತ್ರೆಯ ಬಾಗಿಲು ದಾಟಿದೊಡನೆ ಮುಗಿಯುವಂಥವಲ್ಲ. ಅಲ್ಲಿಂದ ಮುಂದಿನ ಹೊರೆಯನ್ನು ಹೊರಬೇಕಾದದ್ದು ಮನೆ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ಮೂಗಿನ ನಳಿಕೆಯಿಂದ ಆಹಾರ ಕೊಡುವುದು, ಮೂತ್ರದ ಚೀಲ ಖಾಲಿ ಮಾಡುವುದು, ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವುದು, ಹುಣ್ಣಿಗೆ ಪಟ್ಟಿ ಕಟ್ಟುವುದು ಇವೆಲ್ಲವೂ ಮಗಳ, ಸೊಸೆಯ, ಮಗನ ಅಥವಾ ಸಂಬಳಕ್ಕೆ ಗೊತ್ತುಮಾಡಿಕೊಂಡ ನರ್ಸಿನ ಪಾಲಿನ ಕೆಲಸಗಳಾಗುತ್ತವೆ.

ಈ ಸೇವೆಗೆ ಹಣ ಬೇಕು. ನರ್ಸಿನ ಸಂಬಳ, ಫಿಜಿಯೋಥೆರಪಿ ಶುಲ್ಕ, ಔಷಧಿ, ಗಾಳಿಹಾಸಿಗೆ, ಆಮ್ಲಜನಕದ ಸಿಲಿಂಡರು, ಮತ್ತೆ ಮತ್ತೆ ಮಾಡಿಸಬೇಕಾದ ರಕ್ತಪರೀಕ್ಷೆ ಎಲ್ಲವನ್ನೂ ಕೂಡಿಸಿದರೆ ಮಧ್ಯಮ ವರ್ಗದ ಮನೆಯೊಂದು ಕೆಲವೇ ತಿಂಗಳಲ್ಲಿ ಉಳಿತಾಯವನ್ನೆಲ್ಲ ಕಳೆದುಕೊಳ್ಳುತ್ತದೆ. ಒಡವೆ ಅಡವು ಇಡುವುದು, ಹೊಲ ಮಾರುವುದು ನಮ್ಮ ಊರುಗಳಲ್ಲಿ ಅಪರೂಪದ ಸಂಗತಿಗಳೇನಲ್ಲ. ಅಂಥ ಮನೆಗಳಲ್ಲಿಯೇ, ನ್ಯಾಯವಾಗಿ ಬರಬೇಕಾಗಿದ್ದ ವಿಮೆಯ ಹಣವೋ ಸರಕಾರದ ಭತ್ಯೆಯೋ ತೆರಿಗೆಯ ವಿನಾಯಿತಿಯೋ ಒಂದು ಸಹಿ, ಒಂದು ತಾರೀಖು, ಒಂದು ತಪ್ಪು ಅಕ್ಷರದ ಕಾರಣದಿಂದ ಕೈತಪ್ಪಿ ಹೋಗುವುದುಂಟು. ಆ ನಷ್ಟವನ್ನು ತಡೆಯುವ ಬಗೆಯನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಆಸ್ಪತ್ರೆ ಬರೆಯುತ್ತದೆ, ಮನೆ ಬರೆಯುವುದಿಲ್ಲ

ಆಸ್ಪತ್ರೆಯಲ್ಲಿ ರೋಗಿಯ ಒಂದೊಂದು ಗಳಿಗೆಯೂ ದಾಖಲಾಗುತ್ತದೆ. ಎಷ್ಟು ಗಂಟೆಗೆ ಜ್ವರ ನೋಡಿದರು, ಯಾವ ಚುಚ್ಚುಮದ್ದು ಕೊಟ್ಟರು, ಯಾವ ವೈದ್ಯರು ಬಂದು ಹೋದರು ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯುವುದಕ್ಕೆಂದೇ ಸಿಬ್ಬಂದಿ ಇರುತ್ತಾರೆ. ವಿಮೆ ಕಂಪನಿಯು ಕೇಳಿದಾಗ ಆ ಕಾಗದಗಳನ್ನು ಆಸ್ಪತ್ರೆಯೇ ಒದಗಿಸುತ್ತದೆ. ಮನೆಯಲ್ಲಿ ನಡೆಯುವ ಸೇವೆಯಾದರೋ ಆಸ್ಪತ್ರೆಯ ಸೇವೆಗಿಂತ ಹೆಚ್ಚು ಅಕ್ಕರೆಯಿಂದ ಕೂಡಿರಬಹುದು, ಆದರೆ ಅದರ ಕುರುಹು ಎಲ್ಲಿಯೂ ಉಳಿಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಅತ್ತೆಯ ಮಗ್ಗುಲು ಬದಲಿಸಿದ ಸೊಸೆಗೆ ಅದು ಬರೆದಿಡಬೇಕಾದ ವಿಷಯವೆಂದು ತೋರುವುದೇ ಇಲ್ಲ.

ಹಣ ಕೊಡಬೇಕಾದವರು ಆ ಮನೆಗೆ ಬಂದವರಲ್ಲ, ಆ ರೋಗಿಯನ್ನು ಕಂಡವರೂ ಅಲ್ಲ. ಅವರ ಮುಂದೆ ಇರುವುದು ಕಾಗದ ಮಾತ್ರ. ಚಿಕಿತ್ಸೆ ನಿಜವಾಗಿಯೂ ಬೇಕಾಗಿತ್ತೇ, ಅದನ್ನು ಅರ್ಹರೇ ಸೂಚಿಸಿ ಅರ್ಹರೇ ನೀಡಿದರೇ, ಅದಕ್ಕೆ ಇಷ್ಟೇ ಹಣ ಇದೇ ದಿನ ಸಂದಿತೇ ಎಂಬ ಮೂರು ಪ್ರಶ್ನೆಗಳಿಗೆ ಆ ಕಾಗದವು ಉತ್ತರ ಹೇಳಬೇಕು. ಮನೆಯ ಶುಶ್ರೂಷೆಗೆ ಸಂಬಂಧಿಸಿದ ಎಲ್ಲ ಅರ್ಜಿ, ನಮೂನೆ, ರಸೀದಿಗಳೂ ಕೊನೆಗೆ ಈ ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತವೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಯಾವ ಕಾಗದವನ್ನು ಏಕೆ ಕೇಳುತ್ತಾರೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ವಿಮೆಯು ಯಾವುದನ್ನು ಮನೆಯ ಚಿಕಿತ್ಸೆ ಎನ್ನುತ್ತದೆ?

ಆರೋಗ್ಯ ವಿಮೆಯಲ್ಲಿ ‘ಡೊಮಿಸಿಲಿಯರಿ ಹಾಸ್ಪಿಟಲೈಸೇಷನ್’ ಎಂಬ ಒಂದು ಮಾತಿದೆ. ಸಾಮಾನ್ಯವಾಗಿ ಆಸ್ಪತ್ರೆಯಲ್ಲಿಯೇ ಪಡೆಯಬೇಕಾದ ಚಿಕಿತ್ಸೆಯನ್ನು ಮನೆಯಲ್ಲಿ ಪಡೆಯುವುದು ಎಂದು ಅದರ ಅರ್ಥ. ಇದಕ್ಕೆ ಎರಡು ಕಾರಣಗಳಲ್ಲಿ ಒಂದು ಇರಲೇಬೇಕು. ರೋಗಿಯನ್ನು ಆಸ್ಪತ್ರೆಗೆ ಸಾಗಿಸಲು ಆಗದ ಸ್ಥಿತಿ ಇರಬೇಕು, ಇಲ್ಲವೇ ಆಸ್ಪತ್ರೆಯಲ್ಲಿ ಕೊಠಡಿ ದೊರೆಯದಂತಿರಬೇಕು. ‘ಮನೆಯಲ್ಲಿ ನೋಡಿಕೊಂಡರೆ ಅನುಕೂಲ’ ಎಂಬುದು ವಿಮೆಯ ದೃಷ್ಟಿಯಲ್ಲಿ ಕಾರಣವಾಗದು. ಆದುದರಿಂದ ರೋಗಿಯನ್ನು ಏಕೆ ಸಾಗಿಸಲಾಗದು ಎಂಬುದನ್ನು, ಅಥವಾ ಯಾವ ದಿನ ಕೊಠಡಿ ದೊರೆಯಲಿಲ್ಲ ಎಂಬುದನ್ನು, ವೈದ್ಯರು ಅಥವಾ ಆಸ್ಪತ್ರೆಯವರು ಅದೇ ಹೊತ್ತಿನಲ್ಲಿ ಬರೆದು ಕೊಟ್ಟಿರಬೇಕು. ತಿಂಗಳು ಕಳೆದ ಮೇಲೆ ತಂದ ಪತ್ರಕ್ಕೆ ಅಷ್ಟು ಬೆಲೆ ಇರುವುದಿಲ್ಲ.

ಎಲ್ಲ ಪಾಲಿಸಿಗಳಲ್ಲಿಯೂ ಈ ಸೌಲಭ್ಯ ಇಲ್ಲವೆಂಬುದನ್ನೂ ಅರಿಯಬೇಕು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಒಂದೇ ಬಗೆಯ ನಿಯಮಗಳೊಂದಿಗೆ ಬಂದ ‘ಆರೋಗ್ಯ ಸಂಜೀವನಿ’ ಪಾಲಿಸಿಯು ಡೊಮಿಸಿಲಿಯರಿ ವೆಚ್ಚವನ್ನು ಹೊರಗಿಟ್ಟಿದೆ. ಆದರೆ ಅದೇ ಪಾಲಿಸಿಯು ಆಸ್ಪತ್ರೆಗೆ ಸೇರುವ ಮುಂಚಿನ 30 ದಿನಗಳ ಮತ್ತು ಬಿಡುಗಡೆಯಾದ ನಂತರದ 60 ದಿನಗಳ ವೈದ್ಯಕೀಯ ವೆಚ್ಚವನ್ನು ಭರಿಸುತ್ತದೆ. ಹೀಗೆ ಒಂದು ಬಾಗಿಲು ಮುಚ್ಚಿದ್ದರೂ ಇನ್ನೊಂದು ತೆರೆದಿರುತ್ತದೆ. ಮನೆಗೆ ಬಂದ ಮೇಲಿನ ಔಷಧಿ, ಪರೀಕ್ಷೆ, ವೈದ್ಯರ ಶುಲ್ಕ ಮೊದಲಾದವು ಆಸ್ಪತ್ರೆಗೆ ಸೇರಿದ್ದ ಅದೇ ಕಾಯಿಲೆಗೆ ಸಂಬಂಧಿಸಿದ್ದರೆ ಈ ಬಾಗಿಲಿನಿಂದ ಹಣ ಬರಬಲ್ಲುದು. ಆಸ್ಪತ್ರೆಯ ಬಿಲ್ಲಿನ ಮರುಪಾವತಿಗೆ ಬಿಡುಗಡೆಯಾದ 30 ದಿನಗಳೊಳಗೆ, ನಂತರದ ವೆಚ್ಚಕ್ಕೆ ಆ ಚಿಕಿತ್ಸೆ ಮುಗಿದ 15 ದಿನಗಳೊಳಗೆ ಕಾಗದಗಳನ್ನು ಸಲ್ಲಿಸಬೇಕೆಂದು ಅದರ ನಿಯಮ ಹೇಳುತ್ತದೆ. ಆಸ್ಪತ್ರೆಯ ಬಿಲ್ಲು ಸಂದಾಯವಾಯಿತೆಂದು ಸಮಾಧಾನಪಟ್ಟು ಕುಳಿತವರು ಈ ಎರಡನೆಯ ಗಡುವನ್ನು ಮರೆಯುವುದೇ ಹೆಚ್ಚು.

ಕೊರೋನಾ ಕಾಲದಲ್ಲಿ, 2020ರ ಜುಲೈ ತಿಂಗಳಲ್ಲಿ ಬಂದ ‘ಕೊರೋನಾ ಕವಚ’ ಪಾಲಿಸಿಯು ಈ ವಿಷಯದಲ್ಲಿ ನಮಗೊಂದು ಪಾಠ. ಮನೆಯಲ್ಲಿಯೇ ಚಿಕಿತ್ಸೆ ಪಡೆದವರಿಗೆ 14 ದಿನಗಳವರೆಗಿನ ವೆಚ್ಚ ಕೊಡಲು ಅದರಲ್ಲಿ ಅವಕಾಶವಿತ್ತು. ಆದರೆ ಷರತ್ತುಗಳಿದ್ದವು. ಮನೆಯಲ್ಲಿ ಚಿಕಿತ್ಸೆ ಪಡೆಯುವಂತೆ ವೈದ್ಯರು ಸೂಚಿಸಿರಬೇಕು, ಪ್ರತಿದಿನವೂ ವೈದ್ಯರ ಮೇಲ್ವಿಚಾರಣೆ ನಡೆದಿರಬೇಕು, ಪ್ರತಿದಿನದ ಸ್ಥಿತಿ ಮತ್ತು ಕೊಟ್ಟ ಔಷಧಿಗಳ ಪಟ್ಟಿಯನ್ನು ಬರೆದಿಟ್ಟು ಅದಕ್ಕೆ ಚಿಕಿತ್ಸಕ ವೈದ್ಯರ ಸಹಿ ಪಡೆದಿರಬೇಕು. ಔಷಧಿ ಸೇವಿಸಿ ಗುಣವಾದರಷ್ಟೇ ಸಾಲದಾಗಿತ್ತು. ಗುಣವಾದ ಬಗೆಯೂ ದಿನದಿನಕ್ಕೆ ಬರೆಯಲ್ಪಟ್ಟಿರಬೇಕಾಗಿತ್ತು.

ಬೇರೆ ದೇಶಗಳಲ್ಲಿಯೂ ನ್ಯಾಯ ಇದೇ. ಅಮೆರಿಕದಲ್ಲಿ ಹಿರಿಯರಿಗಾಗಿ ಇರುವ ಮೆಡಿಕೇರ್ ಎಂಬ ಸರಕಾರಿ ವಿಮೆಯು ಮನೆಗೆ ಬರುವ ನರ್ಸಿನ ವೆಚ್ಚವನ್ನು ಕೊಡುತ್ತದೆ. ಅದಕ್ಕಾಗಿ ರೋಗಿಯು ಮನೆಬಿಟ್ಟು ಹೋಗಲು ಬಹಳ ಕಷ್ಟಪಡುತ್ತಾನೆಂದು ವೈದ್ಯರು ದೃಢೀಕರಿಸಬೇಕು. ಸೇವೆ ಆರಂಭವಾಗುವ ಮುಂಚಿನ 90 ದಿನಗಳಲ್ಲಿ ಅಥವಾ ಆರಂಭವಾದ 30 ದಿನಗಳೊಳಗೆ ರೋಗಿಯನ್ನು ಮುಖತಃ ಕಂಡಿರಬೇಕು, ಮತ್ತು ಸೇವೆ ಮುಂದುವರಿಯಬೇಕಾದರೆ 60 ದಿನಗಳಿಗೊಮ್ಮೆ ಮತ್ತೆ ದೃಢೀಕರಿಸಬೇಕು. ಅಲ್ಲಿರುವ ಮಕ್ಕಳ ಬಳಿಗೆ ಹೋಗಿ ನೆಲೆಸಿ ಈ ವಿಮೆಗೆ ಅರ್ಹರಾದ ಹಿರಿಯರೂ ಇದನ್ನು ತಿಳಿದಿರುವುದು ಒಳ್ಳೆಯದು.

ನರ್ಸು ಯಾರು, ಆಯಾ ಯಾರು?

ಮನೆಯ ಮಾತಿನಲ್ಲಿ ರೋಗಿಯನ್ನು ನೋಡಿಕೊಳ್ಳುವ ಹೆಣ್ಣುಮಗಳೆಲ್ಲರನ್ನೂ ‘ಸಿಸ್ಟರ್’ ಎನ್ನುತ್ತೇವೆ. ವಿಮೆಯ ನಿಯಮದಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ಅಥವಾ ಯಾವುದಾದರೊಂದು ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಹೊಂದಿದವರು ಮಾತ್ರ ಅರ್ಹ ನರ್ಸು. ಸ್ನಾನ ಮಾಡಿಸಿ ಊಟ ಮಾಡಿಸುವ ಆಯಾ ಎಷ್ಟೇ ನಿಷ್ಠೆಯಿಂದ ದುಡಿದರೂ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದುದರಿಂದ ನರ್ಸನ್ನು ಗೊತ್ತುಮಾಡಿಕೊಳ್ಳುವಾಗಲೇ ಅವರ ನೋಂದಣಿ ಸಂಖ್ಯೆ ಮತ್ತು ಪ್ರಮಾಣಪತ್ರದ ಪ್ರತಿಯನ್ನು ಪಡೆದಿಡಬೇಕು. ನರ್ಸಿನ ಬಿಲ್ಲನ್ನೂ ಆಯಾಳ ಸಂಬಳವನ್ನೂ ಒಂದೇ ಮೊತ್ತದಲ್ಲಿ ಕೂಡಿಸಿ ಬರೆಸಕೂಡದು. ಕೂಡಿಸಿದರೆ ಬರಬೇಕಾದ ಹಣವೂ ಬಾರದ ಹಣದೊಂದಿಗೆ ತಡೆದು ನಿಲ್ಲುತ್ತದೆ.

ವಿಮೆ ಪ್ರಾಧಿಕಾರವು ಪ್ರಕಟಿಸಿರುವ ಐಚ್ಛಿಕ ವೆಚ್ಚಗಳ ಪಟ್ಟಿಯೂ ಇಲ್ಲಿ ಮುಖ್ಯ. ಪರಿಚಾರಕರ ಶುಲ್ಕ, ಖಾಸಗಿ ನರ್ಸಿನ ಶುಲ್ಕ, ಡಯಪರ್, ಆಸ್ಪತ್ರೆಯ ಹೊರಗೆ ಬಳಸುವ ಆಮ್ಲಜನಕದ ಸಿಲಿಂಡರು ಮೊದಲಾದವು ಅದರಲ್ಲಿವೆ. ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಸೇರಿಸಿರದಿದ್ದರೆ ಇವುಗಳಿಗೆ ಹಣ ಬರುವುದಿಲ್ಲ. ಪಾಲಿಸಿ ಕೊಳ್ಳುವಾಗಲೇ ‘ಮನೆಯ ಶುಶ್ರೂಷೆ ಇದರಲ್ಲಿ ಇದೆಯೇ, ಎಷ್ಟು ದಿನಕ್ಕೆ, ದಿನಕ್ಕೆ ಎಷ್ಟು ಮೊತ್ತ’ ಎಂದು ಕೇಳಿ, ಉತ್ತರವನ್ನು ಏಜೆಂಟರ ಬಾಯಿಂದ ಕೇಳಿದರೆ ಸಾಲದು, ನಿಯಮದ ಪುಸ್ತಕದಲ್ಲಿ ಆ ಪುಟವನ್ನು ತೋರಿಸುವಂತೆ ಹೇಳಬೇಕು.

ಆಸ್ಪತ್ರೆಗೆ ಸೇರಿಸುವಾಗ ಆಡಿದ ಮಾತು

ತುರ್ತು ಚಿಕಿತ್ಸಾ ವಿಭಾಗದಲ್ಲಿ ನಿಂತ ಮಗನನ್ನು ವೈದ್ಯರು ‘ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?’ ಎಂದು ಕೇಳುತ್ತಾರೆ. ಗಾಬರಿಯಲ್ಲಿರುವ ಮಗ ‘ಹತ್ತು ವರ್ಷ ಆಗಿರಬೇಕು’ ಎನ್ನುತ್ತಾನೆ. ನಿಜದಲ್ಲಿ ಅದು ಪತ್ತೆಯಾದದ್ದು ನಾಲ್ಕು ವರ್ಷದ ಹಿಂದೆ, ಪಾಲಿಸಿ ಮಾಡಿಸಿದ ಮೇಲೆ. ಕೇಸ್ ಶೀಟಿನಲ್ಲಿ ‘10 ವರ್ಷ’ ಎಂದು ಬಿದ್ದ ಆ ಒಂದು ಸಂಖ್ಯೆಯು, ಪಾಲಿಸಿ ಕೊಳ್ಳುವಾಗ ಕಾಯಿಲೆಯನ್ನು ಮುಚ್ಚಿಟ್ಟರು ಎಂಬ ಆಪಾದನೆಗೆ ಆಧಾರವಾಗುತ್ತದೆ. ಆಮೇಲೆ ಅದನ್ನು ತಿದ್ದಿಸಲು ಹಳೆಯ ರಕ್ತಪರೀಕ್ಷೆಯ ವರದಿ, ಮೊದಲು ಔಷಧಿ ಬರೆದ ವೈದ್ಯರ ಪತ್ರ ಎಲ್ಲವನ್ನೂ ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಇದಕ್ಕೆ ಪರಿಹಾರ ಸುಲಭವಾಗಿದೆ. ಮನೆಯ ಪ್ರತಿಯೊಬ್ಬ ಹಿರಿಯರ ಹೆಸರಿನಲ್ಲಿಯೂ ಒಂದು ಪುಟ ಬರೆದಿಡಿ. ಯಾವ ಕಾಯಿಲೆ ಯಾವ ತಿಂಗಳು, ಯಾವ ವರ್ಷ ಪತ್ತೆಯಾಯಿತು, ಯಾವ ಔಷಧಿ ನಡೆಯುತ್ತಿದೆ, ಯಾವ ಔಷಧಿ ಒಗ್ಗುವುದಿಲ್ಲ, ಯಾವ ಶಸ್ತ್ರಚಿಕಿತ್ಸೆ ಎಂದು ಆಗಿದೆ ಎಂಬ ವಿವರ ಅದರಲ್ಲಿರಲಿ. ವೈದ್ಯರು ಕೇಳಿದಾಗ ಅದನ್ನು ನೋಡಿ ಹೇಳಿ. ಗೊತ್ತಿಲ್ಲದಿದ್ದರೆ ಊಹಿಸಿ ಹೇಳುವುದಕ್ಕಿಂತ ‘ಖಚಿತವಾಗಿ ಗೊತ್ತಿಲ್ಲ’ ಎನ್ನುವುದೇ ಸರಿ. ಪಾಲಿಸಿಯ ಪ್ರಸ್ತಾವ ಪತ್ರವನ್ನು ತುಂಬುವಾಗಲಂತೂ ಇರುವ ಕಾಯಿಲೆಯನ್ನು ಮರೆಮಾಚಲೇಬಾರದು. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು. ಸತ್ಯ ಹೇಳಿದವನಿಗೆ ತಡವಾಗಿಯಾದರೂ ರಕ್ಷಣೆ ದೊರೆಯುತ್ತದೆ.

ಬಿಡುಗಡೆಯ ದಿನದ ಕಾಗದ

ಡಿಸ್ಚಾರ್ಜ್ ಸಮ್ಮರಿಯು ಮನೆಯ ಚಿಕಿತ್ಸೆಗೆ ತಾಯಿಬೇರು. ಅದನ್ನು ಕೈಗೆ ಪಡೆದು ಚೀಲದಲ್ಲಿ ಹಾಕಿಕೊಂಡು ಬಂದುಬಿಡಬಾರದು. ಅಲ್ಲಿಯೇ ಕುಳಿತು ಪೂರ್ತಿಯಾಗಿ ಓದಬೇಕು. ರೋಗಿಯ ಹೆಸರು, ವಯಸ್ಸು, ಸೇರಿದ ಮತ್ತು ಬಿಡುಗಡೆಯಾದ ದಿನ, ರೋಗದ ಹೆಸರು, ತೊಂದರೆಯಾದದ್ದು ಎಡಭಾಗವೋ ಬಲಭಾಗವೋ, ಬಿಡುಗಡೆಯ ಹೊತ್ತಿನ ಸ್ಥಿತಿ, ಮನೆಯಲ್ಲಿ ಮಾಡಬೇಕಾದ ಚಿಕಿತ್ಸೆ ಇಷ್ಟೂ ಸರಿಯಾಗಿವೆಯೇ ಎಂದು ನೋಡಬೇಕು. ತಪ್ಪಿದ್ದರೆ ಅಂದೇ ತಿದ್ದಿಸುವುದು ಅರ್ಧ ಗಂಟೆಯ ಕೆಲಸ. ತಿಂಗಳ ಮೇಲೆ ತಿದ್ದಿಸುವುದು ಹತ್ತು ಸಲ ಅಲೆಯುವ ಕೆಲಸ.

ಇಬ್ಬರು ವೈದ್ಯರು ಬರೆದುಕೊಟ್ಟ ಎರಡು ಚೀಟಿಗಳನ್ನು ಹೋಲಿಸಿ ನೋಡೋಣ. ಒಂದರಲ್ಲಿ ‘ಫಿಜಿಯೋಥೆರಪಿ ಮುಂದುವರಿಸುವುದು, ನರ್ಸಿಂಗ್ ಆರೈಕೆ ಅಗತ್ಯ’ ಎಂದಿದೆ. ಇನ್ನೊಂದರಲ್ಲಿ ‘ಎಡಭಾಗದ ಪಾರ್ಶ್ವವಾಯು. ಸ್ವತಃ ಮಗ್ಗುಲು ಬದಲಿಸಲು, ನುಂಗಲು ಅಸಮರ್ಥರು. ಮನೆಯಲ್ಲಿ ದಿನಕ್ಕೆ ಒಮ್ಮೆ 45 ನಿಮಿಷ ಫಿಜಿಯೋಥೆರಪಿ, 8 ವಾರ. ನಳಿಕೆಯ ಆಹಾರ ಮತ್ತು ಬೆನ್ನಿನ ಹುಣ್ಣಿನ ಪಟ್ಟಿಗಾಗಿ ನೋಂದಾಯಿತ ನರ್ಸು, ದಿನಕ್ಕೆ 12 ಗಂಟೆ, 30 ದಿನ. ನಂತರ ಮರುಪರಿಶೀಲನೆ’ ಎಂದಿದೆ. ರೋಗಿ ಒಬ್ಬರೇ, ಅಗತ್ಯವೂ ಒಂದೇ. ಮೊದಲನೆಯ ಚೀಟಿ ನೋಡಿದ ಅಧಿಕಾರಿಗೆ ಎಷ್ಟು ದಿನ, ಯಾರು, ಏಕೆ ಎಂಬ ಸಂದೇಹ ಏಳುತ್ತದೆ. ಎರಡನೆಯದರಲ್ಲಿ ಕೇಳಲು ಉಳಿದದ್ದು ಏನೂ ಇಲ್ಲ. ವೈದ್ಯರಿಗೆ ಸಮಯ ಕಡಿಮೆ ಎಂಬುದು ನಿಜ. ಆದರೆ ವಿನಯದಿಂದ ‘ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು, ಯಾವ ಕಾರಣಕ್ಕೆ ಎಂದು ಬರೆದುಕೊಡಿ, ಸರ್’ ಎಂದು ಕೇಳಿದರೆ ಬೇಡವೆನ್ನುವ ವೈದ್ಯರು ವಿರಳ. ವೈದ್ಯರ ನೋಂದಣಿ ಸಂಖ್ಯೆ, ಸಹಿ, ಮೊಹರು, ತಾರೀಖು ನಾಲ್ಕೂ ಇವೆಯೇ ಎಂದು ನೋಡಿಕೊಂಡೇ ಹೊರಡಬೇಕು.

ದಿನಕ್ಕೊಂದು ಪುಟ

ಮನೆಗೆ ಬಂದ ದಿನವೇ ಇನ್ನೂರು ಪುಟದ ಒಂದು ನೋಟುಪುಸ್ತಕವನ್ನು ರೋಗಿಯ ತಲೆದಿಸೆಯಲ್ಲಿ ಇಡಿ. ದಿನಕ್ಕೊಂದು ಪುಟ. ಮೇಲೆ ತಾರೀಖು. ಕೆಳಗೆ ಬರೆಯುವ ಬಗೆ ಹೀಗಿರಲಿ: ‘ಬೆಳಿಗ್ಗೆ 6.00, ಎಡಮಗ್ಗುಲಿಗೆ ತಿರುಗಿಸಿದೆ, ರಕ್ತದೊತ್ತಡ 140/90. 8.00, ಬಲಮಗ್ಗುಲಿಗೆ, ನಳಿಕೆಯಿಂದ 200 ಮಿ.ಲೀ. ಗಂಜಿ. 8.30, ಬೆಳಗಿನ ಮಾತ್ರೆಗಳು. 10.00, ಫಿಜಿಯೋಥೆರಪಿ, 45 ನಿಮಿಷ. 11.00, ಮೂತ್ರದ ಚೀಲದಲ್ಲಿ 400 ಮಿ.ಲೀ.’ ಪ್ರತಿ ಸಾಲಿನ ಮುಂದೆ ಆ ಕೆಲಸ ಮಾಡಿದವರ ಕಿರುಸಹಿ ಇರಲಿ. ನರ್ಸು ಬಂದ ವೇಳೆ, ಹೋದ ವೇಳೆಯನ್ನು ಅವರೇ ಬರೆದು ಸಹಿ ಮಾಡಲಿ. ವೈದ್ಯರು ಮನೆಗೆ ಬಂದಾಗ ಅಥವಾ ಮರುಪರೀಕ್ಷೆಗೆ ಹೋದಾಗ ಈ ಪುಸ್ತಕವನ್ನು ಅವರ ಮುಂದಿಟ್ಟು ಸಹಿ ಪಡೆಯಿರಿ.

ಮೂರು ಎಚ್ಚರಿಕೆಗಳು ಅಗತ್ಯ. ಒಂದನೆಯದು, ಕೆಲಸವಾದ ಹೊತ್ತಿಗೇ ಬರೆಯಬೇಕು. ವಾರದ ಪುಟಗಳನ್ನು ಭಾನುವಾರ ಕುಳಿತು ಒಂದೇ ಕೈಬರಹದಲ್ಲಿ, ಏಳೂ ದಿನ ಒಂದೇ ರಕ್ತದೊತ್ತಡ ತೋರಿಸಿ ತುಂಬಿದರೆ ಅನುಭವಸ್ಥರು ಒಂದೇ ನೋಟದಲ್ಲಿ ಗುರುತಿಸುತ್ತಾರೆ. ಎರಡನೆಯದು, ತಪ್ಪಾದಾಗ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಬಿಳಿ ಬಣ್ಣ ಬಳಿಯುವುದು, ಹಾಳೆ ಹರಿಯುವುದು ಸಲ್ಲದು. ಮೂರನೆಯದು, ಆಗದೆ ಹೋದದ್ದನ್ನು ಆಗಲಿಲ್ಲವೆಂದೇ ಬರೆಯಬೇಕು. ನರ್ಸು ಬಾರದ ದಿನ ‘ಇಂದು ನರ್ಸು ಬರಲಿಲ್ಲ, ಮಗಳು ಪಟ್ಟಿ ಕಟ್ಟಿದಳು’ ಎಂದು ಬರೆದ ಪುಸ್ತಕವನ್ನು ನಂಬುತ್ತಾರೆ. ಒಂದು ದಿನವೂ ತಪ್ಪದೆ ಬಂದಂತೆ ತೋರಿಸುವ ಪುಸ್ತಕದ ಬಗ್ಗೆಯೇ ಸಂಶಯ ಹುಟ್ಟುವುದು.

ಈ ಪುಸ್ತಕದ ಮೊದಲ ಫಲ ಹಣವಲ್ಲ, ರೋಗಿಯ ಕ್ಷೇಮ. ಅಕ್ಕ ಇನ್ಸುಲಿನ್ ಕೊಟ್ಟುಹೋದದ್ದು ತಿಳಿಯದೆ ತಮ್ಮ ಮತ್ತೆ ಕೊಡುವ ಅಪಾಯ ತಪ್ಪುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಲೆಕ್ಕವಿದ್ದರೆ ಹಾಸಿಗೆ ಹುಣ್ಣು ಆಗದಂತೆ ಕಾಯಬಹುದು. ಮೂತ್ರದ ಪ್ರಮಾಣ ಮೂರು ದಿನದಿಂದ ಇಳಿಯುತ್ತಿರುವುದು, ಸಂಜೆಯ ಹೊತ್ತಿಗೆ ಜ್ವರ ಏರುತ್ತಿರುವುದು ಪುಟ ತಿರುವಿದ ವೈದ್ಯರಿಗೆ ಕಾಣುತ್ತದೆ. ರೋಗಿಯ ಹಿತಕ್ಕಾಗಿ ಬರೆದ ಇದೇ ಪುಟಗಳು ಮುಂದೆ ಹಣ ಕೇಳುವಾಗ ಸಾಕ್ಷಿಯಾಗಿ ನಿಲ್ಲುತ್ತವೆ.

ಬಿಲ್ಲು, ರಸೀದಿ, ಹೆಸರು

ಬಿಲ್ಲು ಎಂದರೆ ಎಷ್ಟು ಕೊಡಬೇಕೆಂಬ ಲೆಕ್ಕ, ರಸೀದಿ ಎಂದರೆ ಕೊಟ್ಟದ್ದಕ್ಕೆ ಗುರುತು. ಎರಡೂ ಬೇಕು. ಪ್ರತಿ ಬಿಲ್ಲಿನಲ್ಲಿ ಕ್ರಮಸಂಖ್ಯೆ, ತಾರೀಖು, ರೋಗಿಯ ಹೆಸರು, ಸೇವೆಯ ವಿವರ, ಎಷ್ಟು ದಿನ ಅಥವಾ ಎಷ್ಟು ಸಲ ಎಂಬ ಲೆಕ್ಕ, ದರ, ಒಟ್ಟು ಮೊತ್ತ ಇರಬೇಕು. ‘ನರ್ಸಿಂಗ್ ಸೇವೆ, ರೂ. 24,000’ ಎಂಬುದಕ್ಕಿಂತ ‘ಮಾರ್ಚ್ 1ರಿಂದ 30ರವರೆಗೆ, 30 ದಿನ, ದಿನಕ್ಕೆ ರೂ. 800’ ಎಂಬುದು ಲೇಸು. ನೋಟುಪುಸ್ತಕದಲ್ಲಿ ನರ್ಸು ಎರಡು ದಿನ ಬರಲಿಲ್ಲವೆಂದಿದ್ದು ಬಿಲ್ಲಿನಲ್ಲಿ 30 ದಿನ ಎಂದಿದ್ದರೆ ಎರಡೂ ಕೆಡುತ್ತವೆ. ಸಾಧ್ಯವಾದಷ್ಟು ಮಟ್ಟಿಗೆ ಬ್ಯಾಂಕಿನ ಮೂಲಕವೋ ಫೋನಿನ ಮೂಲಕವೋ ಹಣ ಸಲ್ಲಿಸಿ. ಅದರ ದಾಖಲೆ ತಾನಾಗಿ ಉಳಿಯುತ್ತದೆ. ಔಷಧಿ ಅಂಗಡಿಯ ಬಿಲ್ಲಿನ ಶಾಯಿ ಕೆಲವು ತಿಂಗಳಲ್ಲಿ ಮಾಸಿಹೋಗುವುದರಿಂದ ತಂದ ದಿನವೇ ಅದರ ಜೆರಾಕ್ಸ್ ಪ್ರತಿ ಅಥವಾ ಫೋಟೋ ತೆಗೆದಿಡಿ. ಮೂಲ ಕಾಗದಗಳನ್ನು ಸಲ್ಲಿಸುವ ಮುನ್ನ ಪೂರ್ತಿ ಒಂದು ಸೆಟ್ ಪ್ರತಿ ಮನೆಯಲ್ಲಿ ಉಳಿಯಲಿ. ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯದೆ ಬರಬೇಡಿ.

ಹೆಸರಿನ ವ್ಯತ್ಯಾಸ ನಮ್ಮ ಕಡೆಯ ದೊಡ್ಡ ತೊಡಕು. ಆಧಾರದಲ್ಲಿ ಶಿವಲಿಂಗಪ್ಪ, ಪಾಲಿಸಿಯಲ್ಲಿ ಶಿವಲಿಂಗಯ್ಯ, ಪಡಿತರ ಚೀಟಿಯಲ್ಲಿ ಮನೆತನದ ಹೆಸರು ಮುಂದೆ, ಬ್ಯಾಂಕಿನಲ್ಲಿ ಅದೇ ಹೆಸರು ಹಿಂದೆ. ಊರಿನವರಿಗೆಲ್ಲ ಅವರು ಒಬ್ಬರೇ ಎಂದು ಗೊತ್ತು, ಗಣಕಯಂತ್ರಕ್ಕೆ ಅವರು ನಾಲ್ಕು ಜನ. ಹುಟ್ಟಿದ ದಿನವೂ ಹೀಗೆಯೇ. ಶಾಲೆಗೆ ಸೇರಿಸಿದ ಗುರುಗಳು ಜೂನ್ 1 ಎಂದು ಬರೆದದ್ದು ಒಂದು ಕಡೆ, ಮನೆಯವರು ನೆನಪಿನಿಂದ ಹೇಳಿದ್ದು ಇನ್ನೊಂದು ಕಡೆ. ಹಿರಿಯರು ಆರೋಗ್ಯವಾಗಿ ಓಡಾಡುತ್ತಿರುವಾಗಲೇ ಇವುಗಳನ್ನು ಒಂದುಗೂಡಿಸಬೇಕು. ಹಾಸಿಗೆ ಹಿಡಿದ ಮೇಲೆ ಬೆರಳಚ್ಚು ಕೊಡಲು ಆಧಾರ್ ಕೇಂದ್ರಕ್ಕೆ ಒಯ್ಯುವುದು ಎಷ್ಟು ಕಷ್ಟವೆಂಬುದನ್ನು ಒಮ್ಮೆ ಮಾಡಿದವರೇ ಬಲ್ಲರು.

ವಿಮೆ ಇಲ್ಲದ ಮನೆಗಳಿಗೆ

ವಿಮೆ ಇಲ್ಲದವರು ಕೈಚೆಲ್ಲಿ ಕುಳಿತುಕೊಳ್ಳಬೇಕಾಗಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಪಾರ್ಕಿನ್ಸನ್ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್, ಸೆರೆಬ್ರಲ್ ಪಾಲ್ಸಿ ಮೊದಲಾದವು ಅವುಗಳಲ್ಲಿ ಸೇರಿವೆ. ವೈಕಲ್ಯವು ಶೇಕಡ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣೀಕೃತವಾದರೆ ಹಲವು ಸೌಲಭ್ಯಗಳು ತೆರೆಯುತ್ತವೆ. ಇವಕ್ಕೆಲ್ಲ ಕೀಲಿಕೈ ಯುಡಿಐಡಿ ಗುರುತಿನ ಚೀಟಿ. ಕರ್ನಾಟಕ ಸರಕಾರವು 2024–25ರ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಪೀಡಿತರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆಯನ್ನು ಘೋಷಿಸಿತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಉಳ್ಳವರಿಗಾಗಿ ನ್ಯಾಷನಲ್ ಟ್ರಸ್ಟ್ ನಡೆಸುವ ‘ನಿರಾಮಯ’ ವಿಮೆಯು 1 ಲಕ್ಷ ರೂಪಾಯಿವರೆಗೆ ರಕ್ಷಣೆ ನೀಡುತ್ತದೆ. ಅದರಲ್ಲಿ ಥೆರಪಿಯ ವೆಚ್ಚವೂ ಸೇರಿದೆ. ಬಿಲ್ಲು ಮತ್ತು ವೈದ್ಯರ ಚೀಟಿ ಸರಿಯಿದ್ದರೆ ಮಾತ್ರ ಆ ಹಣ ಮರಳಿ ಬರುತ್ತದೆ.

ಆದಾಯ ತೆರಿಗೆ ಕಟ್ಟುವವರು ಇನ್ನೊಂದನ್ನು ತಿಳಿಯಬೇಕು. 1961ರ ಕಾಯ್ದೆಯಲ್ಲಿ 80ಡಿ ಎಂದು ಪರಿಚಿತವಾದ ಕಲಮಿನಂತೆ, ಆರೋಗ್ಯ ವಿಮೆ ಇಲ್ಲದ 60 ದಾಟಿದ ತಂದೆತಾಯಿಯರ ವೈದ್ಯಕೀಯ ವೆಚ್ಚದಲ್ಲಿ ವರ್ಷಕ್ಕೆ 50,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು. ನಗದಾಗಿ ಕೊಟ್ಟದ್ದಕ್ಕೆ ಇದು ಅನ್ವಯಿಸದು. 80ಡಿಡಿ ಕಲಮಿನಂತೆ ಅವಲಂಬಿತರ ವೈಕಲ್ಯ ಶೇಕಡ 40 ದಾಟಿದ್ದರೆ 75,000, ಶೇಕಡ 80 ದಾಟಿದ್ದರೆ 1,25,000 ರೂಪಾಯಿ ಕಳೆಯಬಹುದು. ಅದಕ್ಕೆ ವೈಕಲ್ಯದ ಪ್ರಮಾಣಪತ್ರವೇ ಆಧಾರ. ಇವು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ತೆರಿಗೆ ಸಲಹೆಗಾರರನ್ನು ಕೇಳಿ ಮುಂದುವರಿಯಿರಿ.

ಎಷ್ಟೋ ಮನೆಗಳಲ್ಲಿ ಶುಶ್ರೂಷೆ ನಡೆಯುವುದು ಆ ಹಿರಿಯರ ಪಿಂಚಣಿಯಿಂದಲೇ. ಜೀವಂತ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ ಸಲ್ಲಿಸಬೇಕು. ಕೇಂದ್ರ ಸರಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಹಾಸಿಗೆಯಲ್ಲಿರುವವರ ಮುಖವನ್ನು ಫೋನಿನಲ್ಲಿ ಗುರುತಿಸಿ ‘ಜೀವನ್ ಪ್ರಮಾಣ್’ ಮೂಲಕ ಸಲ್ಲಿಸುವ ವ್ಯವಸ್ಥೆಯೂ ಇದೆ. ಸಹಿ ಮಾಡಲಾಗದ ಖಾತೆದಾರರು ಹೆಬ್ಬೆಟ್ಟು ಅಥವಾ ಕಾಲಿನ ಹೆಬ್ಬೆರಳಿನ ಗುರುತು ಹಾಕಿ ಹಣ ತೆಗೆಯಲು ರಿಸರ್ವ್ ಬ್ಯಾಂಕಿನ ಸೂಚನೆಗಳು ಅವಕಾಶ ಕೊಟ್ಟಿವೆ. ಅದನ್ನು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಈ ನಿಯಮ ತಿಳಿಯದೆ ತಾಯಿಯ ಸಹಿಯನ್ನು ಮಗ ತಾನೇ ಹಾಕುವುದು ಅಪರಾಧವಾಗುತ್ತದೆ. ನ್ಯಾಯವಾದ ದಾರಿ ಇರುವಾಗ ಅಡ್ಡದಾರಿಯ ಅಗತ್ಯವೇನಿದೆ?

ಅರ್ಜಿ ತಿರಸ್ಕೃತವಾದರೆ

ತಿರಸ್ಕಾರವೇ ಕೊನೆಯ ಮಾತಲ್ಲ. ಯಾವ ನಿಯಮದಡಿ ತಿರಸ್ಕರಿಸಿದರೆಂಬುದನ್ನು ವಿಮೆ ಕಂಪನಿಯು ಬರವಣಿಗೆಯಲ್ಲಿಯೇ ತಿಳಿಸಬೇಕು. ಆ ನಿಯಮವನ್ನು ಓದಿ, ಅದಕ್ಕೆ ಉತ್ತರವಾಗುವ ಕಾಗದವನ್ನು ಜೋಡಿಸಿ, ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಮೊದಲು ಬರೆಯಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿವರೆಗಿನ ತಕರಾರುಗಳನ್ನು ಅವರು ಇತ್ಯರ್ಥಪಡಿಸುತ್ತಾರೆ. ಅಲ್ಲಿಯೂ ಮಾತಿಗಿಂತ ದಾಖಲೆಯೇ ಮಾನ್ಯ. ತಾರೀಖಿನ ಕ್ರಮದಲ್ಲಿ ಜೋಡಿಸಿದ ಒಂದು ಫೈಲು ಅಳುತ್ತ ಹೇಳಿದ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅಳತೆ ಮೀರದ ಬರಹ

ಕೊನೆಯದಾಗಿ ಒಂದು ಮಾತು. ಕಷ್ಟದಲ್ಲಿರುವ ಮನೆಯವರಿಗೆ ‘ಇನ್ನು ನಾಲ್ಕು ದಿನ ಹೆಚ್ಚು ಬರೆಸಿ, ಬಿಲ್ಲು ಸ್ವಲ್ಪ ಏರಿಸಿ’ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅದು ಅವರ ದೃಷ್ಟಿಯಲ್ಲಿ ಉಪಕಾರ. ಆದರೆ ಒಂದು ಸುಳ್ಳು ಬಿಲ್ಲು ಹೊರಬಿದ್ದರೆ ಅದರ ಜೊತೆಗಿದ್ದ ಒಂಬತ್ತು ನಿಜವಾದ ಬಿಲ್ಲುಗಳೂ ಮುಳುಗುತ್ತವೆ, ಪಾಲಿಸಿಯೂ ಹೋಗುತ್ತದೆ. ಅಷ್ಟೇ ಅಲ್ಲ, ನಾಳೆ ಅದೇ ಬಾಗಿಲಿಗೆ ಬರುವ ಇನ್ನೊಬ್ಬ ರೋಗಿಯನ್ನು ಸಂಶಯದಿಂದ ನೋಡುವಂತಾಗುತ್ತದೆ. ಹಾಗೆಂದು ಸಂಕೋಚದಿಂದ ಇರುವ ಕಷ್ಟವನ್ನು ಕಡಿಮೆ ಮಾಡಿ ಹೇಳುವುದೂ ತಪ್ಪೇ. ವೈಕಲ್ಯದ ಪರೀಕ್ಷೆಗೆ ಹೋದ ಹಿರಿಯರು ಮಾನಕ್ಕೆ ಅಂಜಿ ‘ಎಲ್ಲ ನಾನೇ ಮಾಡಿಕೊಳ್ಳುತ್ತೇನೆ’ ಎಂದುಬಿಡುತ್ತಾರೆ. ಶೌಚಕ್ಕೆ ಹೋಗಲು ಇಬ್ಬರ ಸಹಾಯ ಬೇಕೆಂಬುದು ನಿಜವಾದರೆ ಅದನ್ನು ಹಾಗೆಯೇ ಹೇಳಬೇಕು.

ಈ ಲೇಖನವನ್ನು ಓದಿದವರು ಇಂದೇ ಮಾಡಬಹುದಾದ ಕೆಲಸಗಳು ಮೂರು. ಮನೆಯ ಹಿರಿಯರ ಆಧಾರ್, ಪಾಲಿಸಿ, ಬ್ಯಾಂಕ್ ಪುಸ್ತಕಗಳನ್ನು ಒಂದೆಡೆ ಇಟ್ಟು ಹೆಸರು ಮತ್ತು ಜನ್ಮದಿನವನ್ನು ತಾಳೆ ನೋಡಿ. ಅವರ ಕಾಯಿಲೆ ಮತ್ತು ಔಷಧಿಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪಾಲಿಸಿ ಇದ್ದರೆ ಅದರಲ್ಲಿ ಮನೆಯ ಚಿಕಿತ್ಸೆಯ ಪುಟವನ್ನು ಹುಡುಕಿ ಓದಿ. ನೆರೆಮನೆಯಲ್ಲಿ ಹಾಸಿಗೆ ಹಿಡಿದವರಿದ್ದು ಅವರಿಗೆ ಓದುಬರಹ ಬಾರದಿದ್ದರೆ, ವಾರಕ್ಕೊಮ್ಮೆ ಹೋಗಿ ಅವರ ಫೈಲನ್ನು ಜೋಡಿಸಿಕೊಡಿ. ರೋಗಿಯ ಮೈ ಒರೆಸುವುದು ಎಷ್ಟು ದೊಡ್ಡ ಸೇವೆಯೋ, ಆ ರೋಗಿಗೆ ನ್ಯಾಯವಾಗಿ ಬರಬೇಕಾದುದು ಬರುವಂತೆ ಒಂದು ಅರ್ಜಿಯನ್ನು ತಪ್ಪಿಲ್ಲದೆ ತುಂಬಿಕೊಡುವುದೂ ಅಷ್ಟೇ ದೊಡ್ಡ ಸೇವೆ.